ಮೇಜಿನ ಕೆಳಗಿನ ಕೇಬಲ್‌ಗಳು: ಕಣ್ಣಿಗೆ ಬೀಳಬಾರದು, ಕೈಗೆ ಸಿಗಬೇಕು

ಮೂಲೆಮೇಜು

ಎತ್ತರ ಬದಲಿಸುವ ಮೇಜು ತೆಗೆದುಕೊಂಡಿದ್ದೇನೆ. ಅದರ ಮೇಲೆ ಎರಡು ಮಾನಿಟರ್, ಒಂದು ಲ್ಯಾಪ್‌ಟಾಪ್, ಅದಕ್ಕೊಂದು ಡಾಕ್ (ಲ್ಯಾಪ್‌ಟಾಪನ್ನು ಒಂದೇ ಕೇಬಲ್‌ನಲ್ಲಿ ಮಾನಿಟರ್ ಮತ್ತಿತರ ಸಾಧನಗಳಿಗೆ ಜೋಡಿಸುವ ಪೆಟ್ಟಿಗೆ), ಒಂದು ಜೊತೆ ಸ್ಪೀಕರ್, ದೀಪ, ಫೋನ್ ಚಾರ್ಜರ್ ಇವೆ. ರೂಟರ್‌ನಿಂದ ಒಂದು ನೆಟ್‌ವರ್ಕ್ ಕೇಬಲ್ ಕೂಡ ಬರುತ್ತದೆ. ಎಲ್ಲವೂ ಹಿಂಬದಿಯಿಂದ ಇಳಿದು ನೆಲದ ಮೇಲಿನ ಎಕ್ಸ್‌ಟೆನ್ಶನ್ ಬೋರ್ಡ್ ಸೇರುತ್ತವೆ. ಮೇಜು ಮೇಲೇರಿದಾಗ ಕೆಲವು ಕೇಬಲ್ ಬಿಗಿಯಾಗುತ್ತವೆ. ಇಳಿದಾಗ ನೆಲದಲ್ಲಿ ರಾಶಿ ಬೀಳುತ್ತವೆ. ಕಾಲಿಗೂ ತೊಡರುತ್ತವೆ, ಗುಡಿಸುವುದೂ ಕಷ್ಟ.

ನನಗೆ ಬೇಕಾಗಿರುವುದು ಎರಡೇ. ಎದುರಿನಿಂದ ನೋಡಿದರೆ ಒಂದು ವೈರೂ ಕಾಣಬಾರದು. ಹಾಗಂತ ಯಾವುದೋ ಒಂದು ಕೇಬಲ್ ಬದಲಿಸಬೇಕಾದಾಗ ಇಡೀ ಕಟ್ಟು ಬಿಚ್ಚುವಂತೆಯೂ ಆಗಬಾರದು. ಲ್ಯಾಪ್‌ಟಾಪ್ ದಿನಾ ತೆಗೆದುಕೊಂಡು ಹೋಗುತ್ತೇನೆ. ಟ್ರೇ, ಕ್ಲಿಪ್, ಕೊಳವೆ, ಪೆಟ್ಟಿಗೆ ಅಂತ ನೂರೆಂಟು ಸಾಮಾನು ಸಿಗುತ್ತವೆ. ಇದರಲ್ಲಿ ನಿಜಕ್ಕೂ ಬೇಕಾದದ್ದು ಯಾವುದು? ಎಲ್ಲಿಂದ ಶುರು ಮಾಡಲಿ?

ತಂತಿಗಂಟು

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಸ್ವಿಚ್ ಆರಿಸಿ. ಪ್ರತಿಯೊಂದು ಕೇಬಲನ್ನೂ ಎರಡೂ ತುದಿಯಿಂದ ಕಳಚಿ ನೆಲದ ಮೇಲೆ ಉದ್ದಕ್ಕೆ ಹರಡಿ. ಸಿಕ್ಕು ಬಿಡಿಸದೆ ಟ್ರೇ ಒಳಗೆ ತುರುಕಿದರೆ ಸಿಕ್ಕು ಹಾಗೇ ಇರುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ.

ಹರಡಿದಾಗ ಒಂದಷ್ಟು ಕೇಬಲ್‌ಗಳ ಇನ್ನೊಂದು ತುದಿಯಲ್ಲಿ ಏನೂ ಇಲ್ಲ ಅಂತ ಗೊತ್ತಾಗುತ್ತದೆ. ಸಾಧನ ಯಾವಾಗಲೋ ಹೋಗಿರುತ್ತದೆ, ವೈರ್ ಉಳಿದಿರುತ್ತದೆ. ಅದನ್ನು ತೆಗೆದಿಡಿ. ಇನ್ನು ಕೆಲವು ಬೇಕಾದದ್ದಕ್ಕಿಂತ ಎರಡು ಪಟ್ಟು ಉದ್ದ ಇರುತ್ತವೆ. ಮಾನಿಟರ್‌ಗೂ ಡಾಕ್‌ಗೂ ಒಂದು ಮೀಟರ್ ದೂರ ಇದ್ದರೆ ಮೂರು ಮೀಟರ್ ಕೇಬಲ್ ಯಾಕೆ ಬೇಕು? ಸಾಧ್ಯವಿದ್ದ ಕಡೆ ಚಿಕ್ಕದು ಹಾಕಿ. ಹೆಚ್ಚಿನ ಉದ್ದವನ್ನು ಅಡಗಿಸುವ ಕೆಲಸವೇ ಉಳಿಯುತ್ತದೆ.

ಆಮೇಲೆ ಮುಖ್ಯವಾದ ಕೆಲಸ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದಿಂದ ಎತ್ತಿ ಮೇಜಿನ ಹಲಗೆಯ ಅಡಿಭಾಗಕ್ಕೆ ಕೂರಿಸಿ. ಏರಿಳಿಯುವ ಮೇಜಿಗೆ ಇದಿಲ್ಲದೆ ಆಗುವುದೇ ಇಲ್ಲ. ಬೋರ್ಡ್, ಅಡಾಪ್ಟರ್, ಡಾಕ್ ಎಲ್ಲವೂ ಹಲಗೆಯ ಜೊತೆಗೇ ಏರಿ ಇಳಿದರೆ, ಅವುಗಳ ನಡುವಿನ ಕೇಬಲ್‌ಗಳು ಎಳೆಯುವ ಪ್ರಶ್ನೆಯೇ ಬರುವುದಿಲ್ಲ. ನೆಲದ ಕಡೆಗೆ ಹೋಗುವುದು ಬೋರ್ಡ್‌ನ ಒಂದು ವೈರ್. ನಿಮ್ಮಲ್ಲಿ ನೆಟ್‌ವರ್ಕ್ ಕೇಬಲ್ ಸೇರಿ ಎರಡು. ಅವೆರಡಕ್ಕೆ ಮಾತ್ರ ಸಡಿಲ ಬಿಟ್ಟರೆ ಸಾಕು.

ಆ ಸಡಿಲವನ್ನು ಮೇಜು ಪೂರ್ತಿ ಮೇಲೆ ಇದ್ದಾಗ ಅಳೆಯಿರಿ. ಕೂತು ಕೆಲಸ ಮಾಡುವ ಎತ್ತರದಲ್ಲಿ ಅಳೆದರೆ ಪ್ರಯೋಜನವಿಲ್ಲ.

ಎರಡುಪರದೆ

ತಂತಿಗಂಟು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಟ್ರೇ ಕೂರಿಸುವ ಮೊದಲು ಮೇಜನ್ನು ಅತಿ ಕೆಳಗೆ ಇಳಿಸಿ ನೋಡಿ. ಅಡಿಯಲ್ಲಿ ಡ್ರಾಯರ್ ಪೆಟ್ಟಿಗೆ ಇದ್ದರೆ, ಹಿಂದೆ ಕಿಟಕಿಯ ಕಟ್ಟೆ ಇದ್ದರೆ, ಟ್ರೇ ಅದಕ್ಕೆ ಬಡಿಯಬಹುದು. ಕಾಲುಗಳ ನಡುವಿನ ಅಡ್ಡಪಟ್ಟಿ ಎಲ್ಲಿದೆ, ಮೋಟರ್‌ನ ನಿಯಂತ್ರಣ ಪೆಟ್ಟಿಗೆ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಇವೆಲ್ಲ ಬಿಟ್ಟು ಉಳಿದ ಜಾಗದಲ್ಲೇ ಟ್ರೇ ಬರಬೇಕು. ಸಾಮಾನ್ಯವಾಗಿ ಹಿಂಬದಿಯ ಅಂಚಿನಿಂದ ಒಂದು ಅಂಗೈ ಅಗಲ ಒಳಗೆ ಇದ್ದರೆ ಸರಿ. ಮಂಡಿಗೂ ತಾಕುವುದಿಲ್ಲ, ಎದುರಿನಿಂದಲೂ ಕಾಣುವುದಿಲ್ಲ. ಪ್ಲಗ್ ಕೀಳಲು ಹಿಂದಿನಿಂದ ಕೈ ಹಾಕಲೂ ಆಗುತ್ತದೆ.

ಮರಗೆಲಸ

ಸ್ಕ್ರೂ ಬಗ್ಗೆ ಯಾರೂ ಹೇಳಲಿಲ್ಲ. ಹಲಗೆಯ ದಪ್ಪ ಮೊದಲು ಅಳೆಯಿರಿ. 25 ಮಿ.ಮೀ. ಹಲಗೆಗೆ 16 ಮಿ.ಮೀ. ಸ್ಕ್ರೂ ಸಾಕು. 18 ಮಿ.ಮೀ. ಆದರೆ 12. ಇದಕ್ಕಿಂತ ಉದ್ದ ಹಾಕಿದರೆ ಮೇಲ್ಮೈ ಉಬ್ಬುವ ಅಪಾಯ ಇದೆ. ಡ್ರಿಲ್ ಬಿಟ್‌ಗೆ ಬೇಕಾದ ಆಳದಲ್ಲಿ ಒಂದು ತುಂಡು ಟೇಪ್ ಸುತ್ತಿ. ಟೇಪ್ ಹಲಗೆ ಮುಟ್ಟಿತು ಅಂದರೆ ನಿಲ್ಲಿಸಿ.

ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಆದರೆ ಚಿಕ್ಕ ತೂತು ಮೊದಲು ಕೊರೆದು, ಕೊನೆಯ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಮೆಷಿನ್‌ನಲ್ಲಿ ಒತ್ತಿ ಬಿಗಿದರೆ ಒಳಗಿನ ಪುಡಿ ಉದುರಿ ಸ್ಕ್ರೂ ಹಿಡಿತ ಬಿಟ್ಟುಬಿಡುತ್ತದೆ. ಒಮ್ಮೆ ಬಿಟ್ಟ ತೂತಿನಲ್ಲಿ ಅದೇ ಸ್ಕ್ರೂ ಮತ್ತೆ ನಿಲ್ಲುವುದಿಲ್ಲ.

ಅಂಟು ಟೇಪ್ ಹಗುರವಾದ ಕ್ಲಿಪ್‌ಗಳಿಗೆ ಮಾತ್ರ. ಬೋರ್ಡ್ ಮತ್ತು ಅಡಾಪ್ಟರ್ ತೂಗುವ ಟ್ರೇಗೆ ಸ್ಕ್ರೂ ಬೇಕೇ ಬೇಕು, ಇಲ್ಲವೇ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್.

ಬಾಡಿಗೆಮೇಜು

ನನ್ನ ಮೇಜು ನನ್ನದಲ್ಲ, ತೂತು ಕೊರೆಯುವಂತಿಲ್ಲ. ಒಳ್ಳೆಯ ಅಂಟು ಟೇಪ್ ಹಾಕಿದರೆ ನಿಜಕ್ಕೂ ನಿಲ್ಲುವುದಿಲ್ವಾ?

ಮರಗೆಲಸ

ಮೇಲ್ಮೈ ಚೆನ್ನಾಗಿದ್ದರೆ ನಿಲ್ಲುತ್ತದೆ. ಬಹಳಷ್ಟು ಮೇಜುಗಳ ಅಡಿಭಾಗ ಒರಟು, ಮೇಲಿನಷ್ಟು ನುಣುಪಾಗಿರುವುದಿಲ್ಲ. ಟೇಪ್ ಅಲ್ಲೇ ಸೋಲುವುದು. ಬೆರಳಾಡಿಸಿ ನೋಡಿ. ಪುಡಿ ಕೈಗೆ ಬಂದರೆ ಟೇಪ್ ಆಸೆ ಬಿಡಿ.

ನುಣುಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಗಟ್ಟಿಯಾಗಿ ಒತ್ತಿ ಹಚ್ಚಿ. ಆಮೇಲೆ ಕಾಯಿರಿ. 3ಎಂ ಕಂಪನಿಯ ವಿಎಚ್‌ಬಿ ತರಹದ ಫೋಮ್ ಟೇಪ್, ಕೋಣೆಯ ಸಾಧಾರಣ ಉಷ್ಣತೆಯಲ್ಲಿ 20 ನಿಮಿಷಕ್ಕೆ ಸುಮಾರು ಅರ್ಧ ಬಲ ಪಡೆಯುತ್ತದೆ. 24 ಗಂಟೆಗೆ ನೂರಕ್ಕೆ ಸುಮಾರು 90 ಭಾಗ. ಪೂರ್ತಿ ಬಲಕ್ಕೆ 72 ಗಂಟೆ ಬೇಕು. ಜನ ಹಚ್ಚಿದ ಕೂಡಲೇ ಭಾರ ತೂಗುಹಾಕಿ, ಬಿದ್ದ ಮೇಲೆ ಟೇಪನ್ನು ದೂರುತ್ತಾರೆ.

ನಿಮಗೆ ನಾನು ಹೇಳುವುದು ಕ್ಲ್ಯಾಂಪ್ ಟ್ರೇ. ಹಿಂಬದಿಯ ಅಂಚನ್ನು ಕಚ್ಚಿ ಹಿಡಿಯುತ್ತದೆ, ಗುರುತೂ ಉಳಿಯುವುದಿಲ್ಲ. ಹಲಗೆಯ ಮೇಲೆ ಕ್ಲ್ಯಾಂಪ್‌ನ ಎರಡು ತುದಿ ಕಾಣುತ್ತವೆ, ಅಷ್ಟೇ. ಅವು ಮಾನಿಟರ್ ಹಿಂದೆ ಬರುವ ಹಾಗೆ ಇಟ್ಟರೆ ಆಯಿತು.

ಕಪ್ಪುಪಟ್ಟಿ

ಕಟ್ಟಲು ಜಿಪ್ ಟೈ (ಒಮ್ಮೆ ಎಳೆದು ಬಿಗಿದರೆ ಬಿಚ್ಚದ ಪ್ಲಾಸ್ಟಿಕ್ ಪಟ್ಟಿ) ಬಳಸಿ. ತೆಳ್ಳಗೆ ಇರುತ್ತದೆ, ಗಟ್ಟಿ ಹಿಡಿಯುತ್ತದೆ, ಜಾರುವುದಿಲ್ಲ. ವೆಲ್ಕ್ರೋ ಪಟ್ಟಿ ದಪ್ಪ, ಧೂಳು ಹಿಡಿಯುತ್ತದೆ.

ತಂತಿಗಂಟು

ಇದನ್ನು ನಾನು ಒಪ್ಪುವುದಿಲ್ಲ. ಜಿಪ್ ಟೈ ಹುಟ್ಟಿದ್ದು 1958ರಲ್ಲಿ, ಥಾಮಸ್ ಆಂಡ್ ಬೆಟ್ಸ್ ಕಂಪನಿಯಲ್ಲಿ, ವಿಮಾನದ ಒಳಗಿನ ವೈರ್ ಕಟ್ಟುಗಳಿಗಾಗಿ. ಅಲ್ಲಿ ಒಮ್ಮೆ ಕಟ್ಟಿದ್ದು ಹಾಗೇ ಇರಬೇಕು, ಅಲುಗಾಡಬಾರದು. ಮೇಜಿನ ಕೆಳಗೆ ನಮಗೆ ಬೇಕಾದದ್ದು ಅದರ ವಿರುದ್ಧ. ಹೊಸ ಕೇಬಲ್ ಬರುತ್ತದೆ, ಹಳೆಯದು ಹೋಗುತ್ತದೆ. ಜಿಪ್ ಟೈ ಕಟ್ಟಿದ್ದರೆ ಪ್ರತಿ ಸಲ ಕತ್ತರಿಸಬೇಕು. ಆ ಇಕ್ಕಟ್ಟಿನಲ್ಲಿ, ಕತ್ತಲಲ್ಲಿ ಕತ್ತರಿ ಹಾಕುವಾಗ ಕೇಬಲ್‌ನ ಹೊದಿಕೆಗೇ ತಾಕುವ ಸಾಧ್ಯತೆ ಜಾಸ್ತಿ. ಕತ್ತರಿಸಿ ಉಳಿದ ಮೊನೆ ಕೈ ಗೀರುತ್ತದೆ. ಜಾಸ್ತಿ ಬಿಗಿದರೆ ಒಳಗಿನ ತಂತಿಗಳೂ ಒತ್ತಿಕೊಳ್ಳುತ್ತವೆ.

ಮೂಲೆಮೇಜು ಅವರು ಮೊದಲೇ ಕೇಳಿದ್ದಾರೆ, ಒಂದು ಕೇಬಲ್ ಬದಲಿಸಲು ಇಡೀ ಕಟ್ಟು ಬಿಚ್ಚಬಾರದು ಅಂತ. ಅದಕ್ಕೆ ವೆಲ್ಕ್ರೋನೇ ಸರಿ. ಪಟ್ಟಿಯ ಒಳಗೆ ಕೇಬಲ್ ಸ್ವಲ್ಪ ಜಾರುವಷ್ಟು ಸಡಿಲ ಇರಲಿ.

ಕಪ್ಪುಪಟ್ಟಿ

ಬದಲಾಗುವ ಕೇಬಲ್‌ಗೆ ವೆಲ್ಕ್ರೋ, ಒಪ್ಪುತ್ತೇನೆ. ಆದರೆ ಎಕ್ಸ್‌ಟೆನ್ಶನ್ ಬೋರ್ಡನ್ನು ಜಾಲರಿ ಟ್ರೇಗೆ ಬಿಗಿಯಲು ಜಿಪ್ ಟೈಗಿಂತ ಒಳ್ಳೆಯದು ಯಾವುದಿದೆ? ಅದನ್ನು ಯಾರೂ ದಿನಾ ಬಿಚ್ಚುವುದಿಲ್ಲ. ಪ್ಲಗ್ ಕೀಳುವಾಗ ಬೋರ್ಡ್ ಜೊತೆಗೇ ಎದ್ದು ಬರಬಾರದು. ಮೊನೆಯನ್ನು ಚಪ್ಪಟೆ ಕಟರ್‌ನಲ್ಲಿ ತಲೆಗೆ ಸಮನಾಗಿ ಕತ್ತರಿಸಿದರೆ ಗೀರುವುದೂ ಇಲ್ಲ.

ತಂತಿಗಂಟು

ಅದು ಸರಿ. ಬೋರ್ಡ್‌ಗೆ ಜಿಪ್ ಟೈ, ಉಳಿದದ್ದಕ್ಕೆ ವೆಲ್ಕ್ರೋ. ಇದಕ್ಕೆ ನನ್ನ ತಕರಾರಿಲ್ಲ.

ಸೌಂಡ್‌ಚೆಕ್

ಸ್ಪೀಕರ್ ಇದೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲ ಕೇಬಲನ್ನೂ ಒಂದೇ ದಪ್ಪ ಕಟ್ಟು ಮಾಡಿ ಕೊಳವೆಯೊಳಗೆ ಹಾಕುವುದು ನೋಡಲು ಚೆನ್ನ. ಆದರೆ ಸ್ಪೀಕರ್‌ಗೆ ಹೋಗುವ ಸಾದಾ ಆಡಿಯೋ ಕೇಬಲ್, ವಿದ್ಯುತ್ ವೈರ್ ಪಕ್ಕದಲ್ಲೇ ಉದ್ದಕ್ಕೂ ಹೋದರೆ ಗುಂಯ್ ಅನ್ನುವ ಸದ್ದು ಒಳಗೆ ಬರಬಹುದು. ವಿದ್ಯುತ್ ವೈರ್ ಸುತ್ತ ಕಾಂತಕ್ಷೇತ್ರ ಇರುತ್ತದೆ. ಅದು ಪಕ್ಕದ ತಂತಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಜೊತೆಜೊತೆಯಾಗಿ ಸಾಗಿದಷ್ಟು ದೂರ ಅದು ಹೆಚ್ಚುತ್ತಾ ಹೋಗುತ್ತದೆ.

ಹಾಗಾಗಿ ಆಡಿಯೋ ಕೇಬಲ್‌ಗೆ ಬೇರೆ ದಾರಿ ಮಾಡಿ. ವಿದ್ಯುತ್ ವೈರ್‌ಗಳು ಹಿಂಬದಿಯ ಟ್ರೇಯಲ್ಲಿ ಹೋದರೆ, ಆಡಿಯೋ ಕೇಬಲ್ ಮುಂದಿನ ಕ್ಲಿಪ್‌ಗಳಲ್ಲಿ ಹೋಗಲಿ. ಎಲ್ಲಾದರೂ ದಾಟಲೇಬೇಕಾದರೆ ಅಡ್ಡವಾಗಿ, ಪ್ಲಸ್ ಗುರುತಿನ ಹಾಗೆ ದಾಟಿಸಿ. ಆಗ ಎರಡೂ ಜೊತೆಯಾಗಿರುವುದು ಒಂದು ಬಿಂದುವಿನಲ್ಲಿ ಮಾತ್ರ.

ಎಚ್‌ಡಿಎಂಐ, ಯುಎಸ್‌ಬಿ, ನೆಟ್‌ವರ್ಕ್ ಕೇಬಲ್‌ಗಳಿಗೆ ಈ ಚಿಂತೆ ಬೇಡ. ಮೇಜಿನಷ್ಟು ಉದ್ದಕ್ಕೆ ಅವು ವಿದ್ಯುತ್ ವೈರ್ ಪಕ್ಕದಲ್ಲಿ ಆರಾಮಾಗಿ ಇರುತ್ತವೆ.

ದಾರಿ ಬೇರೆ ಮಾಡಿದ ಮೇಲೂ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಡಾಕ್‌ನಿಂದ ಚಾರ್ಜ್ ಆಗುತ್ತಿದ್ದರೆ ಡಾಕ್ ಬಿಟ್ಟು, ಆಡಿಯೋ ಕೇಬಲನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಸದ್ದು ನಿಂತರೆ ಅದು ಬಹುಶಃ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಅರ್ಥ್ ಸಂಪರ್ಕಗಳು ಆಡಿಯೋ ಕೇಬಲ್ ಮೂಲಕ ಒಂದು ಸುತ್ತಾಗಿ ಸೇರಿ ಹುಟ್ಟುವ ಸದ್ದು. ಸ್ಪೀಕರ್ ಒಂದು ಸಾಕೆಟ್‌ನಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಯ ಸಾಕೆಟ್‌ನಲ್ಲಿ ಇದ್ದಾಗ ಹೀಗಾಗುತ್ತದೆ. ಎರಡನ್ನೂ ಒಂದೇ ಬೋರ್ಡ್‌ಗೆ ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಅರ್ಥ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಸದ್ದು ನಿಲ್ಲಬಹುದು, ಆದರೆ ನಿಮ್ಮನ್ನು ಶಾಕ್‌ನಿಂದ ಕಾಯುವುದೇ ಆ ಪಿನ್.

ಮೂಲೆಮೇಜು

ಎಲ್ಲರಿಗೂ ಧನ್ಯವಾದ. ಜಾಲರಿ ಟ್ರೇ ತಂದು ಸ್ಕ್ರೂ ಹಾಕಿ ಕೂರಿಸಿದೆ, ಬೋರ್ಡ್ ಮೇಲೆ ಹೋಯಿತು. ಈಗ ಎರಡು ಹೊಸ ಸಮಸ್ಯೆ. ಟ್ರೇ ಒಳಗೆ ಡಾಕ್ ಇಟ್ಟ ಮೇಲೆ ವೈರ್‌ಲೆಸ್ ಮೌಸ್ ತಡೆತಡೆದು ಓಡುತ್ತಿದೆ. ಡಾಕ್‌ಗೂ ಲ್ಯಾಪ್‌ಟಾಪ್‌ಗೂ ಕೇಬಲ್ ಸಾಲದೆ ಎರಡು ಮೀಟರ್ ಉದ್ದದ ಟೈಪ್-ಸಿ ಕೇಬಲ್ ಹಾಕಿದೆ. ಚಾರ್ಜ್ ಆಗುತ್ತದೆ, ಮಾನಿಟರ್ ಮಾತ್ರ ಬರುತ್ತಿಲ್ಲ.

ಪ್ಯಾಕೆಟ್‌ದಾರಿ

ಎರಡಕ್ಕೂ ಕಾರಣ ಇದೆ.

ಮೌಸ್‌ನ ರಿಸೀವರ್ ಡಾಕ್‌ನಲ್ಲೇ ಚುಚ್ಚಿದ್ದೀರಿ, ಅಲ್ವಾ? ಯುಎಸ್‌ಬಿ 3.0 ಓಡುವಾಗ ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ನಿಮ್ಮ ಮೌಸ್ ಮಾತಾಡುವುದು ಅದೇ ಪಟ್ಟಿಯಲ್ಲಿ. ಇಂಟೆಲ್ 2012ರಲ್ಲೇ ಇದರ ಬಗ್ಗೆ ಒಂದು ವರದಿ ಕೊಟ್ಟಿತ್ತು. ಅದರ ಮೇಲೆ ನಿಮ್ಮ ರಿಸೀವರ್ ಲೋಹದ ಟ್ರೇ ಒಳಗೆ, ದಪ್ಪ ಹಲಗೆಯ ಕೆಳಗೆ ಇದೆ. ಒಂದು ಗಿಡ್ಡ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಹಾಕಿ ರಿಸೀವರನ್ನು ಟ್ರೇಯಿಂದ ಹೊರಗೆ ತನ್ನಿ. ಹಲಗೆಯ ಮುಂದಿನ ಅಂಚಿನ ಅಡಿಗೆ ಅಂಟಿಸಿದರೂ ಸಾಕು, ಕಣ್ಣಿಗೆ ಬೀಳುವುದಿಲ್ಲ.

ಕೇಬಲ್ ವಿಷಯ. ನೋಡಲು ಒಂದೇ ಥರ ಇರುವ ಟೈಪ್-ಸಿ ಕೇಬಲ್‌ಗಳ ಒಳಗೆ ಬಹಳ ವ್ಯತ್ಯಾಸ ಇರುತ್ತದೆ. ಉದ್ದದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹುಪಾಲು ಯುಎಸ್‌ಬಿ 2.0 ವೇಗದವು, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ವಿದ್ಯುತ್ ಸಾಗಿಸುತ್ತವೆ, ಆದರೆ ಪರದೆಗೆ ಬೇಕಾದ ವೇಗದ ತಂತಿಗಳೇ ಒಳಗಿರುವುದಿಲ್ಲ. ವೇಗ ಹೆಚ್ಚಾದಷ್ಟೂ ಉದ್ದ ಕಡಿಮೆ. ಸೆಕೆಂಡಿಗೆ 40 ಗಿಗಾಬಿಟ್ ಓಡಿಸುವ ಸಾದಾ ಯುಎಸ್‌ಬಿ4 ಕೇಬಲ್ ಸುಮಾರು 0.8 ಮೀಟರ್‌ಗೇ ಮುಗಿಯುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಒಳಗೆ ಚಿಪ್ ಇರುವ ಆಕ್ಟಿವ್ ಕೇಬಲ್ ಬೇಕು.

ನೀವು ಮಾಡಬೇಕಾದದ್ದು ಇಷ್ಟು. ಡಾಕ್ ಜೊತೆ ಬಂದ ಕೇಬಲ್ಲೇ ಹಾಕಿ, ಅದು ಮುಟ್ಟುವ ಜಾಗಕ್ಕೆ ಡಾಕನ್ನು ತನ್ನಿ. ಡಾಕ್ ಎಲ್ಲಿರಬೇಕು ಅನ್ನುವುದನ್ನು ಆ ಕೇಬಲ್ ಹೇಳುತ್ತದೆ. ಮಾನಿಟರ್‌ನ ಕೇಬಲ್‌ಗಳನ್ನು ಉದ್ದ ಮಾಡಿಕೊಳ್ಳುವುದು ಸುಲಭ.

ನೆಟ್‌ವರ್ಕ್ ಕೇಬಲನ್ನು ಮೂಲೆಯಲ್ಲಿ ಚೂಪಾಗಿ ಮಡಿಸಬೇಡಿ. ಅದರ ದಪ್ಪದ ನಾಲ್ಕು ಪಟ್ಟು ತ್ರಿಜ್ಯದ ತಿರುವು ಇರಬೇಕು ಅನ್ನುವುದು ನಿಯಮ. 6 ಮಿ.ಮೀ. ದಪ್ಪದ ಕ್ಯಾಟ್ 6 ಕೇಬಲ್‌ಗೆ ಸುಮಾರು 25 ಮಿ.ಮೀ. ಆಯಿತು. ಒಳಗಿನ ಜೋಡಿ ತಂತಿಗಳ ಹೊಸೆತ ಕೆಡಬಾರದು ಅಂತ ಈ ನಿಯಮ. ಏರಿಳಿಯುವ ಮೇಜಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅದೇ ಜಾಗ ಪ್ರತಿದಿನ ಬಾಗಿ ಬಿಚ್ಚುತ್ತಿರುತ್ತದೆ.

ಅರ್ಥ್‌ಪಿನ್

ಡಾಕ್ ಟ್ರೇ ಒಳಗಿದೆ ಅಂದದ್ದು ಓದಿ ಈ ಮಾತು. ಅಂದಕ್ಕೆ ಮೊದಲು ಬಿಸಿ ನೋಡಿ.

ಅಡಾಪ್ಟರ್ ಮತ್ತು ಡಾಕ್ ತಮ್ಮ ಬಿಸಿಯನ್ನು ಸುತ್ತಲಿನ ಗಾಳಿಗೆ ಬಿಡಬೇಕು. ಜಾಲರಿ ಟ್ರೇ ಒಳ್ಳೆಯದು, ಗಾಳಿ ಎಲ್ಲ ಕಡೆಯಿಂದ ಆಡುತ್ತದೆ. ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಅಡಾಪ್ಟರ್ ಒಂದರ ಮೇಲೊಂದು ಪೇರಿಸಿ, ಉಳಿದ ಜಾಗಕ್ಕೆ ವೈರ್ ತುಂಬಿದರೆ ಬಿಸಿ ಹೋಗಲು ದಾರಿಯಿಲ್ಲ. ಬಟ್ಟೆಯ ತೋಳಿನೊಳಗೆ ಕೇಬಲ್ ಹಾಕಿ, ಅಡಾಪ್ಟರ್ ಹಾಕಬೇಡಿ.

ಹೆಚ್ಚಿರುವ ವಿದ್ಯುತ್ ವೈರನ್ನು ಬಿಗಿಯಾದ ಸುರುಳಿ ಸುತ್ತುವುದೂ ಬೇಡ. ದೊಡ್ಡ ಕೇಬಲ್ ರೀಲ್‌ಗಳ ಮೇಲೆ ಎರಡು ಅಂಕಿ ಮುದ್ರಿಸಿರುವುದನ್ನು ನೋಡಿರಬಹುದು. ಪೂರ್ತಿ ಬಿಚ್ಚಿದಾಗ ಇಷ್ಟು ವ್ಯಾಟ್, ಸುತ್ತಿದ್ದಾಗ ಇಷ್ಟು. ಸುತ್ತಿದ್ದಾಗಿನದು ಬಹಳ ಕಡಿಮೆ ಇರುತ್ತದೆ, ಯಾಕೆಂದರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಬರುವುದಿಲ್ಲ. ಮೇಜಿನ ಮೇಲಿನ ಸಾಧನಗಳು ಎಳೆಯುವ ವಿದ್ಯುತ್ ಕಡಿಮೆ ನಿಜ. ಆದರೂ ದೊಡ್ಡದಾಗಿ, ಸಡಿಲವಾಗಿ ಹಿಂದಕ್ಕೂ ಮುಂದಕ್ಕೂ ಮಡಿಸಿ ಟ್ರೇಯಲ್ಲಿ ಮಲಗಿಸಿದರೆ ಒಳ್ಳೆಯದು.

ಅಡಾಪ್ಟರ್‌ನ ಮೈಸುತ್ತ ಅದರದೇ ವೈರ್ ಬಿಗಿದು ಸುತ್ತುವವರು ತುಂಬಾ ಜನ. ವೈರ್ ಅಡಾಪ್ಟರ್‌ನಿಂದ ಹೊರಬರುವ ಕುತ್ತಿಗೆ ಹತ್ತಿರ ತಂತಿ ಎಳೆಗಳು ಒಂದೊಂದೇ ತುಂಡಾಗುತ್ತವೆ. ಅಲ್ಲಿ ಮೊದಲ ಎರಡು ಮೂರು ಇಂಚು ನೇರವಾಗಿ ಬಿಟ್ಟು ಆಮೇಲೆ ತಿರುಗಿಸಿ.

ಒಂದು ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಇನ್ನೊಂದು ಬೋರ್ಡ್ ಚುಚ್ಚಬೇಡಿ. ಸಾಕೆಟ್ ಸಾಲದಿದ್ದರೆ ಜಾಸ್ತಿ ಸಾಕೆಟ್ ಇರುವ ಒಂದೇ ಬೋರ್ಡ್ ತನ್ನಿ. ದಪ್ಪ ಅಡಾಪ್ಟರ್ ಪಕ್ಕದ ಸಾಕೆಟನ್ನೂ ಮುಚ್ಚುತ್ತದೆ, ಸಾಕೆಟ್ ಎಣಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲೇಸರ್ ಪ್ರಿಂಟರ್, ಹೀಟರ್ ಇದ್ದರೆ ಅವು ನೇರ ಗೋಡೆಯ ಸಾಕೆಟ್‌ಗೇ ಹೋಗಬೇಕು.

ಬಯಲುಹಲಗೆ

ಎಲ್ಲವನ್ನೂ ಅಡಗಿಸಲೇಬೇಕಾ ಅಂತ ನನ್ನ ಪ್ರಶ್ನೆ. ಮೇಜಿನ ಹಿಂಬದಿಗೆ ತೂತುಗಳಿರುವ ಒಂದು ಹಲಗೆ ನೇತುಹಾಕಿ, ಬೋರ್ಡ್, ಡಾಕ್, ಅಡಾಪ್ಟರ್ ಎಲ್ಲವನ್ನೂ ಅದರ ಮೇಲೆ ಸಾಲಾಗಿ ಕಟ್ಟಿದ್ದೇನೆ. ಕೇಬಲ್‌ಗಳು ನೇರ ರೇಖೆಯಲ್ಲಿ ಹೋಗುತ್ತವೆ. ಕಾಣುತ್ತವೆ, ಆದರೆ ನೋಡಲು ಖುಷಿಯಾಗುತ್ತದೆ. ಏನಾದರೂ ಕೆಟ್ಟರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಧೂಳು ಒರೆಸುವುದೂ ಸುಲಭ. ಮೇಜು ಗೋಡೆಗೆ ಮುಖ ಮಾಡಿದ್ದರೆ ಹಿಂಬದಿ ಹೇಗೂ ಯಾರಿಗೂ ಕಾಣುವುದಿಲ್ಲ.

ಎರಡುಪರದೆ

ಗೋಡೆಗೆ ಒರಗಿದ ಮೇಜಿಗೆ ಇದು ಚೆನ್ನ. ಕೋಣೆಯ ನಡುವೆ ಇರುವ ಮೇಜಿಗೆ ಆಗುವುದಿಲ್ಲ, ಎದುರು ಕೂತವರಿಗೆ ಅದೇ ಕಾಣುತ್ತದೆ. ಅಲ್ಲಿ ನೆಲಕ್ಕೆ ಇಳಿಯುವ ವೈರ್‌ಗಳನ್ನು ಮೇಜಿನ ಒಂದು ಕಾಲಿನ ಒಳಬದಿಯಲ್ಲಿ ಇಳಿಸಬೇಕು. ಏರಿಳಿಯುವ ಕಾಲಾದರೆ ವೈರನ್ನು ಕಾಲಿಗೇ ಕಟ್ಟಬೇಡಿ, ಕೊಳವೆಯೊಳಗೆ ಕೊಳವೆ ಸರಿಯುವಾಗ ವೈರ್ ಸಿಕ್ಕಿಹಾಕಿಕೊಳ್ಳುತ್ತದೆ. ಕೀಲುಕೀಲಾಗಿ ಬಾಗುವ ಪ್ಲಾಸ್ಟಿಕ್ ಸರಪಳಿ ಬರುತ್ತದಲ್ಲ, ಟ್ರೇಯಿಂದ ನೆಲದವರೆಗೆ ಅದನ್ನು ತೂಗಬಿಟ್ಟರೆ ಮೇಜು ಇಳಿದಾಗ ತಾನೇ ಬಾಗಿ ಕೂರುತ್ತದೆ.

ಮಾನಿಟರ್ ತೋಳು ಇದ್ದರೆ ಪ್ರತಿ ಕೀಲಿನ ಹತ್ತಿರ ಸ್ವಲ್ಪ ಸಡಿಲ ಬಿಡಿ. ಕಟ್ಟುವ ಮೊದಲು ತೋಳನ್ನು ಎಲ್ಲ ದಿಕ್ಕಿಗೂ ಪೂರ್ತಿ ಎಳೆದು ನೋಡಿ. ಮಡಿಸಿದ್ದಾಗ ಕಟ್ಟಿದರೆ, ಎಳೆದಾಗ ಭಾರವೆಲ್ಲ ಮಾನಿಟರ್‌ನ ಪೋರ್ಟ್ ಮೇಲೆ ಬೀಳುತ್ತದೆ.

ಬಾಡಿಗೆಮೇಜು

ಕ್ಲ್ಯಾಂಪ್ ಟ್ರೇ ಹಾಕಿದೆ, ಗಟ್ಟಿಯಾಗಿದೆ. ಮರಗೆಲಸ ಅವರಿಗೆ ವಂದನೆ. ಉಳಿದ ಉದ್ದದ ಆಡಿಯೋ ಕೇಬಲ್ ಸುತ್ತಿಟ್ಟಿದ್ದೆ, ಬಿಚ್ಚುವಾಗ ಪ್ರತಿ ಸಲ ತಿರುಚಿಕೊಳ್ಳುತ್ತದೆ. ಇದಕ್ಕೇನಾದರೂ ದಾರಿ?

ಸೌಂಡ್‌ಚೆಕ್

ಮೊಣಕೈ ಮೇಲೆ ಸುತ್ತಬೇಡಿ. ಒಂದೇ ದಿಕ್ಕಿನಲ್ಲಿ ಸುತ್ತಿದಾಗ ಪ್ರತಿ ಸುತ್ತಿಗೂ ಕೇಬಲ್ ಒಂದು ತಿರುಚು ಪಡೆಯುತ್ತದೆ. ವೇದಿಕೆಯ ಮೇಲೆ ಕೇಬಲ್ ಎಳೆಯುವವರು ಮೊದಲ ಸುತ್ತನ್ನು ಮೇಲಿನಿಂದ ಹಾಕಿ, ಎರಡನೆಯದನ್ನು ಮಣಿಕಟ್ಟು ತಿರುಗಿಸಿ ಕೆಳಗಿನಿಂದ ಹಾಕುತ್ತಾರೆ. ಮತ್ತೆ ಮೇಲಿನಿಂದ, ಮತ್ತೆ ಕೆಳಗಿನಿಂದ. ಒಂದು ಸುತ್ತಿನ ತಿರುಚನ್ನು ಮುಂದಿನ ಸುತ್ತು ಬಿಚ್ಚುತ್ತದೆ. ಒಂದು ತುದಿ ಹಿಡಿದು ಎಸೆದರೆ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಕೈಗೆ ರೂಢಿಯಾಗಲು ಸ್ವಲ್ಪ ಹೊತ್ತು ಬೇಕು. ಆಮೇಲೆ ನೀವು ಬೇರೆ ರೀತಿ ಸುತ್ತುವುದೇ ಇಲ್ಲ.

ಮೂಲೆಮೇಜು

ಈಗ ಕೆಲಸ ಮುಗಿಯಿತು. ಮೌಸ್ ಸರಿಹೋಯಿತು. ಡಾಕನ್ನು ಟ್ರೇಯಿಂದ ತೆಗೆದು, ಲ್ಯಾಪ್‌ಟಾಪ್ ಇಡುವ ಜಾಗದ ಸರಿಯಾಗಿ ಕೆಳಗೆ, ಹಲಗೆಗೆ ಒಂದು ತೆರೆದ ಹಿಡಿಕೆ ಹಾಕಿ ನಿಲ್ಲಿಸಿದೆ. ಹಳೆಯ ಕೇಬಲ್ಲೇ ಸಾಕಾಯಿತು, ಎರಡೂ ಮಾನಿಟರ್ ಬಂದವು. ಮೇಜು ಪೂರ್ತಿ ಏರಿಸಿ ಇಳಿಸಿ ನೋಡಿದೆ, ಎಲ್ಲೂ ಎಳೆಯುವುದಿಲ್ಲ. ನೆಲದ ಮೇಲೆ ಈಗ ಏನೂ ಇಲ್ಲ. ನಿಜವಾಗಿ ತುಂಬಾ ಖುಷಿಯಾಗುತ್ತಿದೆ.

ಒಂದೇ ಒಂದು ಉಳಿದಿದೆ. ಲ್ಯಾಪ್‌ಟಾಪ್ ತೆಗೆದಾಗ ಅದರ ಕೇಬಲ್ ಮೇಜಿನಿಂದ ಜಾರಿ ಹಿಂದೆ ಬೀಳುತ್ತದೆ. ಟ್ರೇ ಒಳಗಿನ ಕರಿ ವೈರ್‌ಗಳಲ್ಲಿ ಯಾವುದು ಯಾವುದರದು ಅಂತಲೂ ಗೊತ್ತಾಗುವುದಿಲ್ಲ.

ತಂತಿಗಂಟು

ಜಾರುವುದಕ್ಕೆ ಹಲಗೆಯ ಅಂಚಿನಲ್ಲಿ ಸಿಲಿಕೋನ್ ಕ್ಲಿಪ್ ಒಂದನ್ನು ಅಂಟಿಸಿ. ಕೇಬಲ್‌ನ ಕುತ್ತಿಗೆ ಅದರ ಸೀಳಿನಲ್ಲಿ ಕೂರುತ್ತದೆ, ತಲೆ ಮೇಲೆ ಉಳಿಯುತ್ತದೆ. ಇದಕ್ಕೆ ಟೇಪ್ ಸಾಕು, ಭಾರ ಇಲ್ಲ. ಹಚ್ಚಿ ಒಂದು ದಿನ ಬಿಟ್ಟು ಬಳಸಿ.

ಹೆಸರು ಬರೆಯುವಾಗ ಎರಡೂ ತುದಿಗೂ ಬರೆಯಿರಿ. ಬೋರ್ಡ್ ಕಡೆಯ ತುದಿಗೆ ಸಾಧನದ ಹೆಸರು, ಸಾಧನದ ಕಡೆಯ ತುದಿಗೆ ಅದು ಹೋಗುವ ಸಾಕೆಟ್ ಅಥವಾ ಪೋರ್ಟ್‌ನ ಹೆಸರು. ಪ್ಲಗ್‌ನಿಂದ ನಾಲ್ಕು ಬೆರಳು ದೂರದಲ್ಲಿ, ಬಾವುಟದ ಹಾಗೆ ಎರಡೂ ಬದಿ ಮಡಿಸಿ ಅಂಟಿಸಿದರೆ ಪ್ಲಗ್ ಕೀಳದೆಯೇ ಓದಬಹುದು. ಅಡಾಪ್ಟರ್‌ಗಳ ಮೇಲೂ ಬರೆಯಿರಿ. ಡಾಕ್‌ನದೂ ಮಾನಿಟರ್‌ನದೂ ಪಿನ್ ಒಂದೇ ಅಳತೆ ಇದ್ದು ವೋಲ್ಟೇಜ್ ಬೇರೆ ಇರಬಹುದು. ಅದಲುಬದಲಾದರೆ ಸಾಧನವೇ ಸುಟ್ಟುಹೋಗಬಹುದು.